ವಾರ್ತೆಯ ಮಾತೂ ವಿದ್ಯೆಯ ವಿಚಾರವೂ

ಲೋಕದ ವ್ಯವಹಾರವೆಲ್ಲವೂ ಮಾತನ್ನು ಆಶ್ರಯಿಸಿ ನಡೆಯುತ್ತದೆಂಬುದು ವಿದ್ವಾಂಸರೆಲ್ಲರೂ ಒಪ್ಪಿದ ವಿಷಯ. ಆದರೂ ಮನುಷ್ಯನು ಎಲ್ಲ ವಿಷಯಗಳಲ್ಲಿಯೂ ಮಾತಿಗೆ ಒಂದೇ ಪ್ರಮಾಣದಲ್ಲಿ ಅಧೀನನಾಗಿರುವುದಿಲ್ಲ. ತನ್ನ ಅಂಗಳ ಒಣಗಿರುವಾಗ ಊರಿಗೆಲ್ಲ ಮಳೆಯಾಯಿತೆಂದು ಯಾರು ಹೇಳಿದರೂ ಗೃಹಸ್ಥನು ಒಮ್ಮೆ ಹೊರಗೆ ಬಂದು ನೋಡುತ್ತಾನೆ. ಅಕ್ಕಿಯ ಬೆಲೆ ಇಳಿಯಿತೆಂದು ವೃತ್ತಪತ್ರಿಕೆ ಸಾರಿದರೂ ಅಂಗಡಿಯವನ ತಕ್ಕಡಿಯ ಮುಂದೆ ಆ ಮಾತಿನ ನಿಜ ತಿಳಿದುಹೋಗುತ್ತದೆ. ಕಣ್ಣಿಗೆ ಬೀಳುವ ವಸ್ತುವಿನ ವಿಷಯದಲ್ಲಿ ಮಾತು ಒಂದು ಸಾಕ್ಷಿ ಮಾತ್ರ. ಕಣ್ಣಿಗೆ ಬೀಳದ ವಸ್ತುವಿನ ವಿಷಯದಲ್ಲಿಯಾದರೋ ಮಾತೇ ಸಾಕ್ಷಿ, ಮಾತೇ ತೀರ್ಪು.

ವಿದ್ಯಾಭ್ಯಾಸದ ಸುಧಾರಣೆಯೆಂಬುದು ಈ ಎರಡನೆಯ ವರ್ಗಕ್ಕೆ ಸೇರಿದುದು. ಮಗು ಪ್ರತಿದಿನವೂ ತಂದೆತಾಯಿಗಳ ಕಣ್ಣೆದುರಿಗಿರುತ್ತದೆ. ಆದರೆ ಆ ಮಗುವಿನ ವಿದ್ಯೆಯನ್ನು ಕುರಿತು ರಾಜಧಾನಿಯಲ್ಲಿ ಆಗುವ ನಿರ್ಣಯ ಯಾರ ಕಣ್ಣಿಗೂ ಬೀಳುವುದಿಲ್ಲ. ಶಾಸನದ ಮೂಲಪಾಠವನ್ನು ತರಿಸಿ ಓದುವ ಗೃಹಸ್ಥರು ವಿರಳ; ಓದಬೇಕಾದ ಉಪಾಧ್ಯಾಯರಲ್ಲಿಯೂ ಓದಿದವರು ಕೆಲವರೇ. ಉಳಿದವರಿಗೆಲ್ಲ ಸುಧಾರಣೆಯೆಂದರೆ ಬೆಳಗಿನ ಪತ್ರಿಕೆಯ ತಲೆಬರಹ, ರಾತ್ರಿಯ ದೂರದರ್ಶನದ ಚರ್ಚೆ, ಕೈಯೊಳಗಿನ ಫೋನಿಗೆ ಬಂದು ಬೀಳುವ ಎರಡು ಸಾಲು. ನ್ಯಾಯಶಾಸ್ತ್ರದಲ್ಲಿ ಶಬ್ದಪ್ರಮಾಣಕ್ಕೆ ಆಪ್ತನ ಮಾತೇ ಆಧಾರವೆಂದು ಹೇಳಿದೆ. ವಸ್ತುವನ್ನು ಇದ್ದಂತೆ ಅರಿತವನು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನ ವಿವರಣೆ. ಇಂದಿನ ಮನೆಗಳಲ್ಲಿ ಆ ಆಪ್ತನ ಪೀಠದಲ್ಲಿ ವಾರ್ತಾಪತ್ರಿಕೆ ಕುಳಿತಿದೆ. ಅದು ಆ ಪೀಠಕ್ಕೆ ತಕ್ಕಂತೆ ನಡೆಯುತ್ತಿದೆಯೇ ಎಂಬುದು ವಿಚಾರಮಾಡಬೇಕಾದ ಪ್ರಶ್ನೆ.

ಪತ್ರಿಕೆಗಳು ಸುಳ್ಳು ಹೇಳುತ್ತವೆಯೇ ಎಂದು ಕೇಳುವುದು ಸುಲಭ; ಉತ್ತರವೂ ಸುಲಭ. ಸುಳ್ಳು ಬರೆದವನನ್ನು ಹಿಡಿಯಲು ಕಾನೂನಿದೆ, ಖಂಡಿಸಲು ಜನರಿದ್ದಾರೆ. ಹೆಚ್ಚು ಕಷ್ಟವಾದ ಪ್ರಶ್ನೆ ಬೇರೊಂದಿದೆ: ಒಂದೊಂದು ವಾಕ್ಯವೂ ನಿಜವಾಗಿದ್ದು, ಓದಿದವನ ಮನಸ್ಸಿನಲ್ಲಿ ಮಾತ್ರ ಸುಳ್ಳು ನೆಲೆಗೊಂಡರೆ, ಆ ಸುಳ್ಳಿಗೆ ಹೊಣೆ ಯಾರು? ದ್ರೋಣಪರ್ವದಲ್ಲಿ ಧರ್ಮರಾಜನು ಆಡಿದ ಮಾತಿನಲ್ಲಿ ಅಕ್ಷರಶಃ ಅಸತ್ಯವಿರಲಿಲ್ಲ. ಆ ಹೆಸರಿನ ಆನೆ ಸತ್ತದ್ದು ನಿಜ. ಆದರೂ ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣದಲ್ಲಿ ನೆಲಕ್ಕೆ ತಾಗಿತೆಂದು ಕವಿ ಹೇಳುತ್ತಾನೆ. ಯೋಗಸೂತ್ರಗಳಿಗೆ ಭಾಷ್ಯ ಬರೆದ ವ್ಯಾಸನು ಸತ್ಯದ ಲಕ್ಷಣವನ್ನು ಹೇಳುವಾಗ, ತನ್ನ ಅರಿವನ್ನು ಇನ್ನೊಬ್ಬನಿಗೆ ಮುಟ್ಟಿಸುವುದಕ್ಕಾಗಿ ಆಡಿದ ಮಾತು ವಂಚನೆಯದಾಗಿರಬಾರದು, ಭ್ರಾಂತಿಯದಾಗಿರಬಾರದು, ಕೇಳಿದವನಲ್ಲಿ ಅರಿವನ್ನು ಹುಟ್ಟಿಸದ ಬಂಜೆಮಾತೂ ಆಗಿರಬಾರದು ಎಂದು ಮೂರು ಗೆರೆಗಳನ್ನು ಎಳೆದಿದ್ದಾನೆ. ಈ ಲಕ್ಷಣದ ವಿಶೇಷವೇನೆಂದರೆ, ಸತ್ಯವು ಆಡಿದವನ ನಾಲಗೆಯಲ್ಲಿಯೇ ಮುಗಿಯುವುದಿಲ್ಲ. ಅದು ಕೇಳಿದವನ ಬುದ್ಧಿಯವರೆಗೆ ನಡೆದು ಅಲ್ಲಿ ಪೂರ್ಣವಾಗಬೇಕು. ಈ ಅಳತೆಗೋಲನ್ನು ಹಿಡಿದು ನಮ್ಮ ಕಾಲದ ಒಂದೆರಡು ಪ್ರಸಂಗಗಳನ್ನು ನೋಡಬಹುದು.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಅಧಿನಿಯಮವನ್ನು ಭಾರತದ ಸಂಸತ್ತು 2009ರಲ್ಲಿ ಅಂಗೀಕರಿಸಿತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದಿತು. ಅದರ 16ನೆಯ ಪ್ರಕರಣವು, ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ, ಯಾವ ಮಗುವನ್ನೂ ಅದೇ ತರಗತಿಯಲ್ಲಿ ತಡೆದು ನಿಲ್ಲಿಸಕೂಡದು, ಶಾಲೆಯಿಂದ ಹೊರಹಾಕಲೂಕೂಡದು ಎಂದು ವಿಧಿಸಿತು. ಇದರ ಜೊತೆಗೇ 24ನೆಯ ಪ್ರಕರಣವು ಉಪಾಧ್ಯಾಯನಿಗೆ ಒಂದು ಕರ್ತವ್ಯವನ್ನು ಹೇಳಿತು: ಪ್ರತಿಯೊಂದು ಮಗುವಿನ ಕಲಿಯುವ ಶಕ್ತಿಯನ್ನು ಪರಿಶೀಲಿಸಿ, ಅವಶ್ಯವಿದ್ದವರಿಗೆ ಹೆಚ್ಚಿನ ಪಾಠವನ್ನು ಕೊಡತಕ್ಕದ್ದು. 29ನೆಯ ಪ್ರಕರಣವು ಮಗುವಿನ ತಿಳಿವಳಿಕೆಯನ್ನೂ ಆ ತಿಳಿವಳಿಕೆಯನ್ನು ಬಳಸುವ ಸಾಮರ್ಥ್ಯವನ್ನೂ ನಿರಂತರವಾಗಿ, ಸಮಗ್ರವಾಗಿ ಅಳೆಯಬೇಕೆಂದಿತು. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಒಂದು ನಿಷೇಧವಿತ್ತು. ಆ ನಿಷೇಧಕ್ಕೆ ಆಧಾರವಾಗಿ ಎರಡು ವಿಧಿಗಳಿದ್ದವು. ಮಗುವನ್ನು ತಡೆಯಬೇಡ, ಏತಕ್ಕೆಂದರೆ ನೀನು ಅದನ್ನು ವರ್ಷವಿಡೀ ನೋಡುತ್ತ, ಹಿಂದೆ ಬಿದ್ದಾಗಲೆಲ್ಲ ಕೈಹಿಡಿಯುತ್ತ ಬರುವೆ ಎಂಬುದು ಮೂರು ಪ್ರಕರಣಗಳ ಏಕವಾಕ್ಯತೆ.

ಈ ಶಾಸನ ಜನರ ಬಾಯಿಗೆ ಬರುವ ವೇಳೆಗೆ ಏನಾಯಿತು? ‘ಎಂಟರವರೆಗೆ ಎಲ್ಲರೂ ಪಾಸು’ ಎಂಬ ಎರಡು ಮೂರು ಪದಗಳಾಯಿತು. ‘ಪರೀಕ್ಷೆಯೇ ಇಲ್ಲ’ ಎಂಬ ಇನ್ನೊಂದು ಮಾತು ಅದಕ್ಕೆ ಬೆಂಬಲವಾಗಿ ನಿಂತಿತು. ಒಬ್ಬನು ಒಂದು ಅರ್ಥದಲ್ಲಿ ಆಡಿದ ಪದಕ್ಕೆ ಬೇರೊಂದು ಅರ್ಥವನ್ನು ಕಲ್ಪಿಸುವುದನ್ನು ನೈಯಾಯಿಕರು ವಾಕ್‌ಛಲವೆಂದು ಕರೆದಿದ್ದಾರೆ. ಹೊಸ ಕಂಬಳಿಯನ್ನು ಹೊದೆದು ಬಂದವನನ್ನು ನೋಡಿ ಅವನು ‘ನವಕಂಬಲ’ನೆಂದರೆ, ಒಂಬತ್ತು ಕಂಬಳಿಗಳು ಎಲ್ಲಿವೆ ಎಂದು ಕೇಳುವವನ ಉದಾಹರಣೆಯನ್ನು ಕೊಡುತ್ತಾರೆ. ತಡೆಯದಿರುವುದು ಬೇರೆ, ಪಾಸುಮಾಡುವುದು ಬೇರೆ. ತಡೆಯದಿರುವವನು ‘ನೀನಿನ್ನೂ ಕಲಿತಿಲ್ಲ, ಆದರೂ ನಿನ್ನ ವಯಸ್ಸಿನವರೊಡನೆ ನಡೆ, ಕಲಿಸುತ್ತೇನೆ’ ಎನ್ನುತ್ತಾನೆ. ಪಾಸುಮಾಡುವವನು ‘ಕಲಿತಿರುವೆ’ ಎಂದು ಮುದ್ರೆಯೊತ್ತುತ್ತಾನೆ. ಒಂದು ಸಾಲವನ್ನು ಒಪ್ಪಿಕೊಳ್ಳುವ ಮಾತು, ಇನ್ನೊಂದು ಸಾಲ ತೀರಿತೆಂಬ ರಸೀದಿ.

ಇಷ್ಟೇ ಆಗಿದ್ದರೆ ಪಂಡಿತರ ಮನೆಯ ವಿನೋದವಾಗಿ ಇದು ಮುಗಿದುಹೋಗುತ್ತಿತ್ತು. ಆದರೆ ಉಪಾಧ್ಯಾಯನೂ ಪತ್ರಿಕೆಯನ್ನೇ ಓದುತ್ತಾನೆ. ಎಲ್ಲರೂ ಪಾಸೆಂಬ ಮಾತನ್ನು ನಂಬಿದ ಉಪಾಧ್ಯಾಯನು ಅಳೆಯುವುದನ್ನು ಸಡಿಲಿಸಿದನು. ನಂಬಿದ ತಂದೆ ಕೇಳುವುದನ್ನು ಬಿಟ್ಟನು. ನಂಬಿದ ಹುಡುಗನು ಓದುವುದನ್ನು ಬಿಟ್ಟನು. ಒಬ್ಬನೇ ಉಪಾಧ್ಯಾಯನಿರುವ ಶಾಲೆಗಳು, ಹೊಸ ಕ್ರಮಕ್ಕೆ ಬೇಕಾದ ತರಬೇತಿಯ ಕೊರತೆ, ಮೌಲ್ಯಮಾಪನದ ಹೆಸರಿನಲ್ಲಿ ತುಂಬಬೇಕಾದ ಕಾಗದಗಳ ರಾಶಿ, ಇವೂ ಸೇರಿಕೊಂಡವು. ಕಲಿಕೆ ಕುಂದಿದಾಗ, ನೋಡಿರಿ, ಎಲ್ಲರನ್ನೂ ಪಾಸುಮಾಡುವ ನೀತಿಯ ಫಲವಿದು ಎಂಬ ವಾರ್ತೆ ಬಂದಿತು. ಮಾತು ನಂಬಿಕೆಯನ್ನು ಹುಟ್ಟಿಸಿತು, ನಂಬಿಕೆ ನಡತೆಯನ್ನು ತಿದ್ದಿತು, ನಡತೆ ಫಲವನ್ನು ಕೊಟ್ಟಿತು, ಫಲವು ಮೊದಲಿನ ಮಾತಿಗೇ ಸಾಕ್ಷಿಯಾಗಿ ನಿಂತಿತು. ತರ್ಕದಲ್ಲಿ ಇದನ್ನು ಚಕ್ರಕದೋಷವೆಂದು ತಳ್ಳಿಹಾಕುತ್ತಾರೆ; ಲೋಕದಲ್ಲಿ ಇದೇ ಸಾರ್ವಜನಿಕ ಅಭಿಪ್ರಾಯವಾಗುತ್ತದೆ.

ಕಲಿಕೆ ಕುಂದಿದ್ದು ಸುಳ್ಳಲ್ಲ. ಗ್ರಾಮಾಂತರದ ಮನೆಗಳಿಗೇ ಹೋಗಿ ಮಕ್ಕಳಿಂದ ಓದಿಸಿ ನೋಡುವ ‘ಅಸರ್’ ಸಮೀಕ್ಷೆಯ ಪ್ರಕಾರ, ಐದನೆಯ ತರಗತಿಯವರಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ದೇಶದಲ್ಲಿ 2010ರಲ್ಲಿ ನೂರಕ್ಕೆ ಸುಮಾರು 53 ಇದ್ದವರು 2012ರಲ್ಲಿ 47ರಷ್ಟಾದರು. 2018ರಲ್ಲಿ ಮತ್ತೆ 50ರಷ್ಟಾದರು. ಇಳಿದದ್ದನ್ನು ಹೇಳಿದ ವಾರ್ತೆ ತಪ್ಪಲ್ಲ. ಆದರೆ ಇಳಿಯುವುದಕ್ಕೆ ಮೊದಲೇ, ಶಾಸನ ಬೇರೂರುವುದಕ್ಕೆ ಮುಂಚೆಯೇ, ಹೆಚ್ಚುಕಡಮೆ ಅರ್ಧದಷ್ಟು ಮಕ್ಕಳು ಓದಲಾರದವರಾಗಿದ್ದರೆಂಬ ಇನ್ನೂ ದೊಡ್ಡ ಸತ್ಯವನ್ನು ‘ಕುಸಿತ’ವೆಂಬ ಒಂದು ಪದ ಮುಚ್ಚಿಹಾಕಿತು. ಕುಸಿತವೆಂದರೆ ಮೊದಲು ಗಟ್ಟಿಯಾಗಿ ನಿಂತಿದ್ದ ಗೋಡೆಯೊಂದು ಕಣ್ಣಮುಂದೆ ಬರುತ್ತದೆ. ಆ ಗೋಡೆ ಎಂದೂ ಅಷ್ಟು ಗಟ್ಟಿಯಾಗಿರಲಿಲ್ಲ.

ಮುಂದಿನ ಕಥೆಯೂ ಇದೇ ರೀತಿಯದು. 2019ರಲ್ಲಿ ಸಂಸತ್ತು 16ನೆಯ ಪ್ರಕರಣವನ್ನು ತಿದ್ದಿತು. ಐದನೆಯ ಮತ್ತು ಎಂಟನೆಯ ತರಗತಿಗಳ ಕೊನೆಯಲ್ಲಿ ಪರೀಕ್ಷೆ, ಅದರಲ್ಲಿ ಆಗದವರಿಗೆ ಹೆಚ್ಚಿನ ಪಾಠ, ಎರಡು ತಿಂಗಳೊಳಗೆ ಮರುಪರೀಕ್ಷೆ, ಅದರಲ್ಲಿಯೂ ಆಗದಿದ್ದರೆ ತಡೆಯಬೇಕೇ ಬೇಡವೇ ಎಂಬುದು ಸಂಬಂಧಪಟ್ಟ ಸರ್ಕಾರದ ಇಚ್ಛೆ. ಶಾಲೆಯಿಂದ ಹೊರಹಾಕುವುದು ಮಾತ್ರ ಹಿಂದಿನಂತೆಯೇ ನಿಷಿದ್ಧ. 2024ರ ಡಿಸೆಂಬರಿನಲ್ಲಿ ಕೇಂದ್ರಸರ್ಕಾರವು ತನ್ನ ಅಧೀನದ ಶಾಲೆಗಳಿಗೆ ಈ ನಿಯಮಗಳನ್ನು ಪ್ರಕಟಿಸಿತು. ಎರಡು ಸಲವೂ ಜನರ ಕಿವಿಗೆ ಬಿದ್ದ ಪದ ‘ರದ್ದು’. ಯಾವ ಶಾಲೆಗಳಿಗೆ, ಯಾರ ಇಚ್ಛೆಯಿಂದ, ಎಷ್ಟು ಮೆಟ್ಟಲುಗಳ ಬಳಿಕ ಎಂಬ ವಿಶೇಷಣಗಳೆಲ್ಲ ಆ ಒಂದು ಪದದ ಹಿಂದೆ ಅಡಗಿಹೋದವು. ಹೆಚ್ಚಿನ ಪಾಠವೆಂಬ ವಿಧಿ 2009ರಲ್ಲಿಯೂ ಇತ್ತು, 2019ರಲ್ಲಿಯೂ ಉಳಿಯಿತು. ಅದು ಎರಡು ಸಲವೂ ತಲೆಬರಹಕ್ಕೆ ಏರಲಿಲ್ಲ. ಮಗುವಿಗೆ ನಿಜವಾಗಿ ಉಪಕಾರಮಾಡತಕ್ಕ ಭಾಗವೇ ವಾರ್ತೆಯಾಗಲು ಅರ್ಹತೆಯಿಲ್ಲದ ಭಾಗವಾಯಿತು.

ಈ ಸಂದರ್ಭದಲ್ಲಿ ಕೆಲವು ಪದಗಳ ಮೂಲವನ್ನು ನೋಡುವುದು ನಿಷ್ಪ್ರಯೋಜಕವಾಗಲಾರದು. ‘ಶಿಕ್ಷಾ’ ಎಂದರೆ ಸಂಸ್ಕೃತದಲ್ಲಿ ವಿದ್ಯೆಯನ್ನು ಪಡೆಯುವುದು. ವೇದಾಂಗಗಳಲ್ಲಿ ಮೊದಲನೆಯದರ ಹೆಸರೂ ಅದೇ. ಕನ್ನಡದಲ್ಲಿ ‘ಶಿಕ್ಷೆ’ಯೆಂದರೆ ದಂಡನೆಯೆಂಬುದೇ ಮುಖ್ಯಾರ್ಥವಾಗಿಬಿಟ್ಟಿದೆ. ‘ಪರೀಕ್ಷೆ’ಯೆಂದರೆ ಸುತ್ತಲೂ ನೋಡುವುದು, ಎಲ್ಲ ಕಡೆಯಿಂದಲೂ ನೋಡುವುದು, ಇಂದು ಅದು ಮೂರು ಗಂಟೆಗಳ ಕಾಲ ಒಂದು ಕಡೆಯಿಂದ ಮಾತ್ರ ನೋಡುವ ಕ್ರಿಯೆಯ ಹೆಸರು. ಎಲ್ಲಕ್ಕಿಂತ ಮನನೀಯವಾದುದು ‘ಉತ್ತೀರ್ಣ’ನೆಂಬ ಪದ. ಅದರ ಅರ್ಥ ದಾಟಿದವನು, ನದಿಯ ಆಚೆಯ ದಡವನ್ನು ಸೇರಿದವನು ಎಂದು. ಹಾಗಾದರೆ ‘ಅನುತ್ತೀರ್ಣ’ನೆಂದರೆ ಇನ್ನೂ ದಾಟದವನು, ಈಚೆಯ ದಡದಲ್ಲಿ ದೋಣಿಗೆ ಕಾದಿರುವವನು. ಅವನು ಮುಳುಗಿದವನಲ್ಲ. ಇಂಗ್ಲಿಷಿನಿಂದ ಬಂದ ‘ಫೇಲು’ ಎಂಬ ಪದದಲ್ಲಿ ಈ ಆಶೆಯಿಲ್ಲ. ಅದು ಸೋತವನೆಂದು, ಕೆಟ್ಟವನೆಂದು ಮುಗಿಸಿಬಿಡುತ್ತದೆ. ತಲೆಬರಹದಲ್ಲಿ ಸ್ಥಳ ಸಾಲದೆಂದು ‘ಅನುತ್ತೀರ್ಣ’ವನ್ನು ಬಿಟ್ಟು ‘ಫೇಲು’ ಎಂದು ಬರೆದಾಗ ಎರಡಕ್ಷರಗಳ ಜಾಗ ಉಳಿಯಿತು. ಅದರೊಡನೆ ಒಂದು ದೋಣಿಯೂ ಹೋಯಿತು. ಪ್ರತಿವರ್ಷವೂ ಫಲಿತಾಂಶದ ಮರುದಿನ ಒಳಪುಟಗಳಲ್ಲಿ ಬರುವ ದುಃಖದ ವಾರ್ತೆಗಳನ್ನು ನೆನೆದರೆ ಇದು ವ್ಯಾಕರಣದ ವಿಚಾರ ಮಾತ್ರವಲ್ಲವೆಂಬುದು ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ 2024ರಲ್ಲಿ ಎಸ್.ಎಸ್.ಎಲ್.ಸಿ.ಯ ‘ಪೂರಕ ಪರೀಕ್ಷೆ’ಯೆಂಬ ಹೆಸರನ್ನು ಬಿಟ್ಟು ಪರೀಕ್ಷೆ ಒಂದು, ಎರಡು, ಮೂರು ಎಂದು ಕರೆದು, ಮೂರರಲ್ಲಿಯೂ ಕುಳಿತುಕೊಳ್ಳಲು ಅವಕಾಶವನ್ನಿತ್ತದ್ದು ಈ ದೃಷ್ಟಿಯಿಂದ ಶ್ಲಾಘ್ಯವಾದ ಕೆಲಸ. ದೋಣಿ ಮೂರು ಸಲ ಬರುತ್ತದೆಂದು ಹೆಸರೇ ಹೇಳುತ್ತಿತ್ತು.

ಕರ್ನಾಟಕದಲ್ಲಿಯೇ ನಡೆದ ಇನ್ನೊಂದು ಪ್ರಸಂಗದಲ್ಲಿ ಹೆಸರೇ ವಿವಾದದ ಕೇಂದ್ರವಾಯಿತು. 2022–23ನೆಯ ಸಾಲಿನಲ್ಲಿ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಕ್ಕೆಲ್ಲ ಒಂದೇ ಪ್ರಶ್ನಪತ್ರಿಕೆಯನ್ನು ಕೊಡುವುದೆಂದು ಸರ್ಕಾರ ನಿರ್ಣಯಿಸಿತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೆಯ ತರಗತಿಗಳೂ ಸೇರಿದವು. ಸರ್ಕಾರ ಇದನ್ನು ‘ಮೌಲ್ಯಾಂಕನ’ವೆಂದಿತು, ಪತ್ರಿಕೆಗಳೂ ಜನರೂ ‘ಬೋರ್ಡ್ ಪರೀಕ್ಷೆ’, ‘ಪಬ್ಲಿಕ್ ಪರೀಕ್ಷೆ’ ಎಂದರು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಮಂಡಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿರ್ಬಂಧವಿರಕೂಡದೆಂದು 2009ರ ಅಧಿನಿಯಮದ 30ನೆಯ ಪ್ರಕರಣ ಹೇಳುವುದರಿಂದ, ಈ ಹೆಸರುಗಳ ಹಿಂದೆ ಕಾನೂನಿನ ತೊಡಕೂ ಇತ್ತು. 2024ರ ಮಾರ್ಚಿಯಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಪರೀಕ್ಷೆಯ ಅಧಿಸೂಚನೆಗಳನ್ನು ರದ್ದುಪಡಿಸಿತು. ವಿಭಾಗೀಯ ಪೀಠವು ಆ ಆದೇಶವನ್ನು ತಡೆಹಿಡಿಯಿತು. ಪರೀಕ್ಷೆ ಆರಂಭವಾದ ಮೇಲೆ ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಲ್ಲಿಸಿತು. ವಿಭಾಗೀಯ ಪೀಠದ ತೀರ್ಪಿನ ಬಳಿಕ ಉಳಿದ ಪರೀಕ್ಷೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೆ ಸರ್ವೋಚ್ಚ ನ್ಯಾಯಾಲಯ ಮತ್ತೆ ತಡೆಯಾಜ್ಞೆ ಕೊಟ್ಟಿತು. ಹತ್ತು ವರ್ಷದ ಮಗು ಒಂದು ದಿನ ಪರೀಕ್ಷೆಯಿದೆಯೆಂದು ಪುಸ್ತಕ ತೆರೆದು, ಮರುದಿನ ಇಲ್ಲವೆಂದು ಮುಚ್ಚಿ, ಮತ್ತೆ ತೆರೆಯಬೇಕಾಯಿತು.

ಆ ದಿನಗಳ ವಾರ್ತೆಯ ಭಾಷೆ ಗಮನಾರ್ಹವಾದುದು. ‘ಹಿನ್ನಡೆ’, ‘ಜಯ’, ‘ಮುಖಭಂಗ’, ‘ನಿರಾಳ’ ಇವೇ ಮೊದಲಾದ ಪದಗಳು ರಾಜಕೀಯದ ಕಣದಿಂದ ಎದ್ದುಬಂದು ಶಾಲೆಯ ಜಗಲಿಯ ಮೇಲೆ ಕುಳಿತುಕೊಂಡವು. ಸರ್ಕಾರ ಗೆದ್ದಿತೇ, ಖಾಸಗಿ ಶಾಲೆಗಳ ಒಕ್ಕೂಟ ಗೆದ್ದಿತೇ ಎಂಬುದು ಎಲ್ಲರಿಗೂ ತಿಳಿಯಿತು. ಹೊರಗಿನವರು ಸಿದ್ಧಪಡಿಸಿದ ಪ್ರಶ್ನಪತ್ರಿಕೆ ಹತ್ತು ವರ್ಷದ ಮಗುವಿಗೆ ಹಿತವೇ ಅಹಿತವೇ, ಅದರಿಂದ ಉಪಾಧ್ಯಾಯನಿಗೆ ತಿಳಿಯುವುದೇನು, ತಿಳಿದ ಮೇಲೆ ಅವನು ಮಾಡಬೇಕಾದುದೇನು ಎಂಬ ಪ್ರಶ್ನೆಗಳು ಸೋಲುಗೆಲವುಗಳ ಧೂಳಿನಲ್ಲಿ ಕಾಣದಾದವು. ಮಲ್ಲಯುದ್ಧದ ಭಾಷೆಯಲ್ಲಿ ಮಾತನಾಡಿದರೆ ಮಲ್ಲರು ಮಾತ್ರ ಕಾಣುವುದು ಸಹಜವೇ.

ಇದೇ ಬಗೆಯ ಇನ್ನೊಂದು ರೂಢಿ ಜಿಲ್ಲೆಗಳ ಸ್ಥಾನವನ್ನು ಎಣಿಸುವುದು. 2024ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ಉಡುಪಿ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು, ಯಾದಗಿರಿ ಕೊನೆಯದು. ಇದು ನಿಜ, ಆದರೆ 2011ರ ಜನಗಣತಿಯ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ನಿಜದ ಬಣ್ಣ ಬೇರೆಯಾಗುತ್ತದೆ. ಅಕ್ಷರಸ್ಥರ ಪ್ರಮಾಣ ದಕ್ಷಿಣ ಕನ್ನಡದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು, ಉಡುಪಿಯಲ್ಲಿ 86. ಯಾದಗಿರಿಯಲ್ಲಿ ಸುಮಾರು 52, ರಾಜ್ಯಕ್ಕೆಲ್ಲ ಕಡಮೆ. ಒಂದು ಮನೆಯಲ್ಲಿ ಅಜ್ಜಿಯೂ ಓದಿದ್ದಾಳೆ. ಇನ್ನೊಂದು ಮನೆಯಲ್ಲಿ ಓದುತ್ತಿರುವ ಮಗುವೇ ಮೊದಲನೆಯ ಅಕ್ಷರಸ್ಥ. ಇಬ್ಬರನ್ನೂ ಒಂದೇ ಗೆರೆಯಿಂದ ಓಡಿಸಿ, ಹಿಂದೆ ಉಳಿದವನ ಊರಿಗೆ ‘ಕೊನೆಯ ಸ್ಥಾನ’ವೆಂಬ ಹಣೆಪಟ್ಟಿಯನ್ನು ಕಟ್ಟುವುದು ಯಾವ ನ್ಯಾಯ? ಅಲ್ಲಿ ತೇರ್ಗಡೆಯಾದ ಮಗು ದಾಟಿದ ನದಿಯ ಅಗಲವನ್ನು ಆ ಪಟ್ಟಿ ಹೇಳುವುದಿಲ್ಲ. ಅದೇ ವರ್ಷ ರಾಜ್ಯದ ಒಟ್ಟು ಫಲಿತಾಂಶ 2023ರ ನೂರಕ್ಕೆ 83.89ರಿಂದ 73.40ಕ್ಕೆ ಇಳಿದಾಗ ಮತ್ತೆ ಕೇಳಿದ ಪದ ‘ಕುಸಿತ’. ಆ ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿಟ್ಟು ದೂರದಿಂದ ನೋಡುವ ವ್ಯವಸ್ಥೆ ಬಂದಿತ್ತು. ಇಳಿದ ಅಂಕೆಯನ್ನು ಮೇಲೆತ್ತಲು ಕೃಪಾಂಕಗಳನ್ನೂ ಹೆಚ್ಚಿಸಲಾಗಿತ್ತು. ಒಂದು ವರ್ಷದಲ್ಲಿ ರಾಜ್ಯದ ಮಕ್ಕಳ ಬುದ್ಧಿ ಅಷ್ಟೊಂದು ಕುಂದಿತೆನ್ನುವುದಕ್ಕಿಂತ, ಹಿಂದಿನ ವರ್ಷಗಳ ಅಂಕೆಗಳಲ್ಲಿ ಎಷ್ಟು ನಿಜವಿತ್ತೆಂದು ಕೇಳುವುದೇ ಹೆಚ್ಚು ಸಮಂಜಸವಾಗಿತ್ತು. ಒಪ್ಪಿಕೊಳ್ಳಲು ಕಹಿಯಾದ ಆ ಪ್ರಶ್ನೆಯಿಂದ ಎಲ್ಲರನ್ನೂ ಪಾರುಮಾಡುವ ಶಕ್ತಿ ಆ ಒಂದು ಪದಕ್ಕಿತ್ತು.

ಇದು ಒಂದು ನಾಡಿನ ಅಥವಾ ಒಂದು ಭಾಷೆಯ ದೋಷವೆಂದು ತಿಳಿಯಬಾರದು. ಅಮೆರಿಕದಲ್ಲಿ 1983ರ ಏಪ್ರಿಲಿನಲ್ಲಿ ಸರ್ಕಾರದ ಆಯೋಗವೊಂದು ಶಾಲೆಗಳನ್ನು ಕುರಿತ ವರದಿಯನ್ನು ಪ್ರಕಟಿಸಿತು. ನಾಡೇ ಅಪಾಯದಲ್ಲಿದೆಯೆಂಬುದು ಅದರ ಹೆಸರು. ಶಾಲೆಗಳ ದುಃಸ್ಥಿತಿಯನ್ನು ವೈರಿರಾಜ್ಯದ ಆಕ್ರಮಣಕ್ಕೆ ಅದು ಹೋಲಿಸಿತು. ಯುದ್ಧದ ರೂಪಕವನ್ನು ಪತ್ರಿಕೆಗಳು ಹರ್ಷದಿಂದ ಎತ್ತಿಕೊಂಡವು. ಕೆಲವು ವರ್ಷಗಳ ಮೇಲೆ ಸ್ಯಾಂಡಿಯಾ ಪ್ರಯೋಗಶಾಲೆಯ ಗಣಕರು ಅದೇ ಬಗೆಯ ಅಂಕೆಗಳನ್ನು ಬಿಡಿಸಿ ನೋಡಿದರು. ಹಿಂದೆ ಪರೀಕ್ಷೆಗೇ ಕೂರದಿದ್ದ ವರ್ಗಗಳ ಮಕ್ಕಳು ಈಗ ಹೆಚ್ಚು ಸಂಖ್ಯೆಯಲ್ಲಿ ಕೂರುತ್ತಿರುವುದರಿಂದ ಒಟ್ಟು ಸರಾಸರಿ ಇಳಿದಿತ್ತೆಂದೂ, ಒಂದೊಂದು ವರ್ಗವನ್ನೂ ಬೇರೆಯಾಗಿ ನೋಡಿದರೆ ಅಂಥ ಇಳಿತವಿಲ್ಲವೆಂದೂ ಅವರು ತೋರಿಸಿದರು. ಈ ಪರಿಶೀಲನೆ ವಿದ್ವತ್ಪತ್ರಿಕೆಯಲ್ಲಿ ಅಚ್ಚಾದದ್ದು 1993ರಲ್ಲಿ. ಅಷ್ಟರಲ್ಲಿ ಹತ್ತು ವರ್ಷಗಳ ಸುಧಾರಣೆಗಳು ಆ ರೂಪಕದ ಬೆನ್ನೇರಿ ನಡೆದುಹೋಗಿದ್ದವು. ಹೆಚ್ಚು ಮಕ್ಕಳಿಗೆ ಬಾಗಿಲು ತೆರೆದುದರ ಗುರುತನ್ನೇ ಸೋಲಿನ ಗುರುತೆಂದು ಜನರು ಓದಿಕೊಂಡಿದ್ದರು.

ಇಲ್ಲಿ ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳುವುದು ಧರ್ಮವಲ್ಲ. ಪತ್ರಿಕಾಕರ್ತನು ಹೇಳಬಹುದು: ‘ವಾರ್ತೆ ಶಾಸ್ತ್ರಗ್ರಂಥವಲ್ಲ. ನಾಲ್ಕಂಗುಲದ ಸ್ಥಳದಲ್ಲಿ, ಅರ್ಧ ಗಂಟೆಯ ಅವಧಿಯಲ್ಲಿ, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಬರೆಯಬೇಕು. ಇದಲ್ಲದೆ ಸರ್ಕಾರದ ಮಾತು ಅಷ್ಟು ಶುದ್ಧವೇ? ಶಾಲೆಗೆ ಬೀಗ ಹಾಕುವುದನ್ನು ಅದು ವಿಲೀನವೆನ್ನುತ್ತದೆ, ಪರೀಕ್ಷೆಯನ್ನು ಮೌಲ್ಯಾಂಕನವೆನ್ನುತ್ತದೆ. ಆ ಮುಸುಕನ್ನು ತೆಗೆದು ಬೀದಿಯ ಮಾತಿನಲ್ಲಿ ಹೇಳುವುದೇ ಪತ್ರಿಕೆಯ ಉಪಕಾರ. ಓದುವವನು ತಲೆಬರಹದಲ್ಲಿಯೇ ನಿಂತುಬಿಟ್ಟರೆ, ಕೆಳಗಿನ ಮೂರು ಕಂಡಿಕೆಗಳನ್ನು ಓದದಿದ್ದರೆ, ಅದು ಬರೆದವನ ತಪ್ಪೇ?’

ಈ ವಾದದಲ್ಲಿ ಎರಡನೆಯ ಭಾಗ ಸಂಪೂರ್ಣವಾಗಿ ಗ್ರಾಹ್ಯ. ಅಧಿಕಾರದ ಭಾಷೆ ಎಷ್ಟೋ ವೇಳೆ ವಸ್ತುವನ್ನು ತೋರಿಸುವುದಕ್ಕಿಂತ ಮರೆಸುವುದಕ್ಕಾಗಿಯೇ ಹುಟ್ಟುತ್ತದೆ. ನಾಲ್ಕು ಊರುಗಳ ಮಕ್ಕಳು ಐದನೆಯ ಊರಿಗೆ ನಡೆಯಬೇಕಾಗಿ ಬಂದಾಗ, ಅದನ್ನು ‘ವಿಲೀನ’ವೆನ್ನದೆ ಶಾಲೆ ಮುಚ್ಚಿತೆಂದು ಬರೆದ ವರದಿಗಾರನು ಸತ್ಯವನ್ನೇ ಬರೆದನು. ಆದರೆ ಮುಸುಕನ್ನು ತೆಗೆಯುವವನು ಅದರ ಸ್ಥಳದಲ್ಲಿ ಮುಖವಾಡವನ್ನು ಕಟ್ಟಬಾರದು. ‘ಮೌಲ್ಯಾಂಕನ’ ಏನನ್ನೋ ಮರೆಸಿದರೆ, ‘ಪಬ್ಲಿಕ್ ಪರೀಕ್ಷೆ’ ಇಲ್ಲದುದನ್ನು ಸೇರಿಸುತ್ತದೆ. ಹತ್ತನೆಯ ತರಗತಿಯ ಭಯವನ್ನೆಲ್ಲ ಐದನೆಯ ತರಗತಿಯ ಮಗುವಿನ ತಲೆಗೆ ಕಟ್ಟುತ್ತದೆ. ಪ್ರಶ್ನೆಗಳನ್ನು ಯಾರು ಬರೆಯುತ್ತಾರೆ, ಉತ್ತರಗಳನ್ನು ಯಾರು ತಿದ್ದುತ್ತಾರೆ, ಮಗುವನ್ನು ತಡೆಯುತ್ತಾರೆಯೇ ಇಲ್ಲವೇ ಎಂಬ ಮೂರು ಮಾತುಗಳನ್ನು ಬರೆದರೆ ಯಾವ ಹೆಸರಿಟ್ಟರೂ ಅನರ್ಥವಿಲ್ಲ.

ಸಂಕ್ಷೇಪದ ವಾದ ಅಷ್ಟು ಬಲವಾದುದಲ್ಲ. ಸೂತ್ರಕಾರರಿಗಿಂತ ಸಂಕ್ಷೇಪವಾಗಿ ಬರೆದವರಿಲ್ಲ. ಆದರೆ ಸೂತ್ರದ ಲಕ್ಷಣದಲ್ಲಿ ಅಲ್ಪಾಕ್ಷರತ್ವದೊಡನೆ ಅಸಂದಿಗ್ಧತೆಯೂ ಸೇರಿದೆ. ‘ಎಂಟರವರೆಗೆ ಎಲ್ಲರೂ ಪಾಸು’ ಎಂಬುದಕ್ಕೂ ‘ಎಂಟರವರೆಗೆ ತಡೆಯಿಲ್ಲ’ ಎಂಬುದಕ್ಕೂ ಅಕ್ಷರಗಳಲ್ಲಿ ಹೆಚ್ಚಿನ ಅಂತರವಿಲ್ಲ. ಎರಡನೆಯದೇ ಕಿರಿದು. ಮೊದಲನೆಯದನ್ನು ಆರಿಸಿಕೊಂಡದ್ದು ಸ್ಥಳದ ಕೊರತೆಯಿಂದಲ್ಲ. ಅದರಲ್ಲಿ ಓದುವವನನ್ನು ಕೆಣಕುವ ರುಚಿಯಿದ್ದುದರಿಂದ. ಆಲಂಕಾರಿಕರು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂಬ ಮೂರು ಶಕ್ತಿಗಳನ್ನು ಹೇಳಿದ್ದಾರೆ. ಕವಿಯು ವ್ಯಂಜನೆಯಿಂದ ರಸವನ್ನು ಹುಟ್ಟಿಸಿದರೆ ಅವನ ಕೀರ್ತಿಗೆ ಆ ಧ್ವನಿಯೇ ಕಾರಣವೆಂದು ಒಪ್ಪುತ್ತೇವೆ. ಧ್ವನಿಯ ಕೀರ್ತಿ ಬರೆದವನಿಗೆ ಸಲ್ಲುವುದಾದರೆ, ಧ್ವನಿಯ ದೋಷವೂ ಅವನಿಗೇ ಸಲ್ಲಬೇಕು. ‘ಹಾಗೆಂದು ಬರೆದಿಲ್ಲ’ ಎಂಬ ಉತ್ತರ ಅಭಿಧೆಗೆ ಮಾತ್ರ ಸಾಲುತ್ತದೆ. ತನ್ನ ಮಾತನ್ನು ಸಾಮಾನ್ಯನಾದ ಓದುಗನು ಹೇಗೆ ಗ್ರಹಿಸುವನೆಂಬುದನ್ನು ಬಲ್ಲವನು, ಬಲ್ಲೆನೆಂದೇ ಅದನ್ನು ವೃತ್ತಿಯಾಗಿ ಮಾಡಿಕೊಂಡವನು, ಆ ಗ್ರಹಿಕೆಗೆ ಹೊಣೆಗಾರನಲ್ಲವೆಂದು ಹೇಳುವುದು ಯುಕ್ತವಲ್ಲ.

ಇನ್ನು ಓದುಗನ ವಿಷಯ. ಅವನೂ ನಿರ್ದೋಷಿಯಲ್ಲ. ವೇದಾಂತಿಗಳು ಶ್ರವಣದ ಬಳಿಕ ಮನನವನ್ನು ವಿಧಿಸಿದ್ದಾರೆ. ವಾರ್ತೆಯನ್ನು ಓದುವವನು ಶ್ರವಣದಲ್ಲಿಯೇ ನಿಂತು, ಮನನದ ಸ್ಥಳದಲ್ಲಿ ಅದನ್ನು ಇನ್ನೊಬ್ಬರಿಗೆ ಕಳುಹಿಸುವುದನ್ನು ಇಟ್ಟುಕೊಂಡಿದ್ದಾನೆ. 2020ರ ಜುಲೈಯಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಕಟವಾದಾಗ, ಹತ್ತನೆಯ ತರಗತಿಯ ಮಂಡಲಿ ಪರೀಕ್ಷೆಯೇ ಹೋಯಿತೆಂಬ ಮಾತು ಫೋನಿನಿಂದ ಫೋನಿಗೆ ಹಾರಿತು. ಆ ಪರೀಕ್ಷೆಗಳು ಮುಂದುವರಿಯುವುವೆಂದು ನೀತಿಯ ಪಾಠದಲ್ಲಿ ಸ್ಪಷ್ಟವಾಗಿಯೇ ಇತ್ತು. ಅದನ್ನು ಹರಡಿದವರಲ್ಲಿ ಓದುಬರಹ ಬಲ್ಲವರೇ ಹೆಚ್ಚೆಂಬುದು ಹೇಳಬೇಕಾದ ಮಾತಲ್ಲ. ವಿದ್ಯಾವಂತರ ಮನೆಗಳಲ್ಲಿ ಇಂಥ ವಾರ್ತೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳುವ ರೂಢಿ ಬರಬೇಕು. ನಿಯಮದಲ್ಲಿರುವ ಕ್ರಿಯಾಪದ ಯಾವುದು, ವಾರ್ತೆಯಲ್ಲಿರುವ ಕ್ರಿಯಾಪದ ಯಾವುದು? ಏರಿತು, ಇಳಿಯಿತು ಎನ್ನುವಾಗ ಯಾವುದರಿಂದ, ಯಾವ ಕಾರಣದಿಂದ? ಈ ವಾರ್ತೆಯಲ್ಲಿ ಮಗು ಎಲ್ಲಿದೆ? ಮೂರನೆಯ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ, ಆ ವಾರ್ತೆ ಶಿಕ್ಷಣದ ವಾರ್ತೆಯಲ್ಲ, ಬೇರೆ ಯಾವುದೋ ವ್ಯಾಜ್ಯದ ವಾರ್ತೆಯೆಂದು ತಿಳಿಯಬಹುದು.

ಪತ್ರಿಕೆಗಳಿಂದ ಉಪಕಾರವೇ ಆಗಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ಮಾಡು ಸೋರುವ ಶಾಲೆಯ ಚಿತ್ರವನ್ನು ಅಚ್ಚುಹಾಕಿದವರೂ ಅವರೇ; ಉಪಾಧ್ಯಾಯರಿಲ್ಲದ ಶಾಲೆಗಳ ಪಟ್ಟಿಯನ್ನು ಬರೆದವರೂ ಅವರೇ. ಹರ್ಮನ್ ಮೊಗ್ಲಿಂಗನು ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲನೆಯ ವಾರ್ತಾಪತ್ರಿಕೆಯನ್ನು ಹೊರಡಿಸಿದಂದಿನಿಂದ ಇಂದಿನವರೆಗೆ, ಕನ್ನಡಿಗರು ತಮ್ಮ ಊರಿನಾಚೆಯ ಲೋಕವನ್ನು ಕಂಡದ್ದು ಬಹುಮಟ್ಟಿಗೆ ಈ ಕಿಟಕಿಯಿಂದಲೇ. ಕಿಟಕಿಯ ಗಾಜಿಗೆ ಬಣ್ಣವಿದ್ದರೆ ಹೊರಗಿನ ಬಯಲೆಲ್ಲ ಅದೇ ಬಣ್ಣವಾಗಿ ಕಾಣುವುದರಿಂದಲೇ ಗಾಜನ್ನು ಕುರಿತು ಇಷ್ಟು ಎಚ್ಚರ ಬೇಕಾಗಿದೆ.

ದೊಡ್ಡವರು ಬೆಳಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕುಳಿತ ಮಗು ಅದನ್ನು ಕೇಳುತ್ತಿರುತ್ತದೆ. ಶಾಸನ, ಸಮೀಕ್ಷೆ, ನ್ಯಾಯಾಲಯಗಳೊಂದೂ ಅದಕ್ಕೆ ಅರ್ಥವಾಗದು. ಪಾಸು, ಫೇಲು, ಕೊನೆಯ ಸ್ಥಾನ ಎಂಬ ಪದಗಳು ಮಾತ್ರ ಚೆನ್ನಾಗಿ ಅರ್ಥವಾಗುತ್ತವೆ. ವಿದ್ಯೆಯೆಂದರೆ ಏನೆಂಬುದನ್ನು ಅದು ಗುರುವಿನಿಂದ ಕಲಿಯುವುದಕ್ಕೆ ಮುಂಚೆ ಈ ಪದಗಳಿಂದ ಕಲಿತಿರುತ್ತದೆ. ವಾರ್ತೆಯನ್ನು ಬರೆಯುವವರೂ ಅದನ್ನು ಮನೆಯಲ್ಲಿ ಓದಿಹೇಳುವವರೂ ಆ ಮಗುವಿಗೆ ಮೊದಲ ಪಾಠವನ್ನು ಕೊಡುತ್ತಿರುವ ಉಪಾಧ್ಯಾಯರೇ ಆಗಿದ್ದಾರೆ. ಉಪಾಧ್ಯಾಯನಿಗೆ ವಿಧಿಸಿದ ಧರ್ಮ ಅವರಿಗೂ ತಪ್ಪಿದ್ದಲ್ಲ.